ಒಂದೇ ಚಾವಣಿ, ಆರು ಚಳಿಗಾಲ: ಹಾಸನದ ಧೂಳು ಅಳೆದ ನನ್ನ ಅನುಭವ

ಕಳೆದ ಫೆಬ್ರವರಿಯಲ್ಲಿ ಒಂದು ಖಾಸಗಿ ಲ್ಯಾಬ್‌ನವರು ಯಾವುದೋ ಕಾರ್ಖಾನೆಯ ಕೆಲಸಕ್ಕೆಂದು ಪಿಎಂ 2.5 (2.5 ಮೈಕ್ರಾನ್‌ವರೆಗಿನ ಸಣ್ಣ ಧೂಳಿನ ಕಣ) ಅಳೆಯುವ ಸ್ಯಾಂಪ್ಲರ್ ತಂದು ನಮ್ಮ ಚಾವಣಿಯ ಮೇಲೇ ಇಟ್ಟರು. ಪಕ್ಕದಲ್ಲೇ ನಾನು ಕಟ್ಟಿದ ಅಗ್ಗದ ಸೆನ್ಸರ್ ಡಬ್ಬಿ. ಹತ್ತು ದಿನ ಎರಡೂ ಓಡಿದವು. ಅವರ ಫಿಲ್ಟರ್ ತೂಕ ಬಂದ ಮೇಲೆ ಹೋಲಿಸಿದರೆ ದಿನದ ಸರಾಸರಿಯಲ್ಲಿ ನೂರಕ್ಕೆ ಹತ್ತರಷ್ಟು ವ್ಯತ್ಯಾಸ. ಮಂಜು ಕವಿದಿದ್ದ ಒಂದು ದಿನ ಮಾತ್ರ ಹೆಚ್ಚಿತ್ತು. "ಇದೆಲ್ಲ ಮಕ್ಕಳ ಆಟಿಕೆ, ಇದರಲ್ಲಿ ಟ್ರೆಂಡ್ ತೆಗೆಯೋಕಾಗಲ್ಲ" ಎಂದು ಮೊದಲು ನಾಲ್ಕು ಜನರೆದುರು ಹೇಳಿದ್ದ ಆ ಲ್ಯಾಬ್‌ನವರೇ "ಅಣ್ಣಾ, ನಿನ್ನ ಹಳೇ ಡೇಟಾ ಕೊಡ್ತೀಯಾ?" ಎಂದು ಕೇಳಿದರು. ಕೊಟ್ಟೆ. ನಮ್ಮ ಗಾಳಿಯ ಧೂಳು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ, ಅಂದರೆ ಅದರ ಟ್ರೆಂಡ್, ಹೇಗೆ ಅಳೆದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡಿದ್ದು 2018ರ ನವೆಂಬರ್. ಹಾಸನದ ಕೈಗಾರಿಕಾ ಪ್ರದೇಶ ಗ್ರೋತ್ ಸೆಂಟರ್‌ನ ಅಂಚಿನಲ್ಲಿರುವ ಭಾವನ ಮನೆ ಚಾವಣಿ. ಲೇಸರ್ ಬೆಳಕಿನಲ್ಲಿ ಧೂಳು ಎಣಿಸುವ ಒಂದು ಎಸ್‌ಡಿಎಸ್011 ಸೆನ್ಸರ್, ಅದನ್ನು ಓದಲು ನೋಡ್‌ಎಂಸಿಯು ಬೋರ್ಡ್, ಗಡಿಯಾರದ ಚಿಪ್, ಮೆಮೊರಿ ಕಾರ್ಡ್, ತೇವಾಂಶದ ಸೆನ್ಸರ್, ಸೆಸ್ಕ್ ಕರೆಂಟ್ ಕೈಕೊಟ್ಟಾಗ ಇರಲೆಂದು ಒಂದು ಹಳೇ ಸ್ಕೂಟರ್ ಬ್ಯಾಟರಿ. ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು. ಸೆನ್ಸರನ್ನು ಹಗಲೂ ರಾತ್ರಿ ಬಿಡದೆ ಓಡಿಸಿದೆ, ಅದೇ ದೊಡ್ಡ ತಪ್ಪು. ಅದರ ಲೇಸರ್ ಆಯುಸ್ಸು ಸುಮಾರು 8000 ಗಂಟೆ, ಅಂದರೆ ಹನ್ನೊಂದು ತಿಂಗಳು. ಸರಿಯಾಗಿ ಅಷ್ಟಕ್ಕೇ ಮಲಗಿತು. ಹೊಸದು ಹಾಕಿದೆ, ಅಂಕಿ ತಟ್ಟನೆ ಇಳಿಯಿತು. ಗಾಳಿ ಸುಧಾರಿಸಿದೆ ಎಂದು ಖುಷಿಪಟ್ಟು ಹತ್ತು ಜನರಿಗೆ ಹೇಳಿಯೂಬಿಟ್ಟೆ. ಬದಲಾಗಿದ್ದದ್ದು ಗಾಳಿಯಲ್ಲ, ಅಳತೆಗೋಲು. ಆ ಒಂದು ವರ್ಷದ ಡೇಟಾವನ್ನು ಟ್ರೆಂಡ್ ಲೆಕ್ಕದಿಂದ ಪೂರ್ತಿ ತೆಗೆದುಹಾಕಬೇಕಾಯಿತು. ಇವತ್ತಿಗೂ ಅದು ಹೊಟ್ಟೆ ಉರಿಸುತ್ತದೆ.

ಆಮೇಲೆ ಒಂದೇ ಲಾಟಿನ ಮೂರು ಸೆನ್ಸರ್ ತಂದೆ, ಒಂದಕ್ಕೆ ಎರಡು ಸಾವಿರ ಬಿತ್ತು. ಅವುಗಳಲ್ಲಿ ಎರಡು ದುಡಿಯುತ್ತವೆ, ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಮಾತ್ರ. ಮೂರನೆಯದು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಮಲಗಿರುತ್ತದೆ. ಪ್ರತಿ ಫೆಬ್ರವರಿಯಲ್ಲಿ, ಗಾಳಿ ಒಣಗಿರುವಾಗ, ಹದಿನೈದು ದಿನ ಅದನ್ನು ಎಬ್ಬಿಸಿ ಉಳಿದೆರಡರ ಪಕ್ಕ ಓಡಿಸುತ್ತೇನೆ. ದುಡಿದವು ಎಷ್ಟು ಸರಿದಿವೆ ಎಂದು ಮಲಗಿದ್ದದ್ದು ಹೇಳುತ್ತದೆ. 2024ರಲ್ಲಿ ದುಡಿಯುವ ಎರಡನ್ನೂ ಬದಲಿಸಿದಾಗ ಹಳೆಯದು, ಹೊಸದು ಪೂರಾ ಒಂದು ತಿಂಗಳು ಜೊತೆಯಲ್ಲಿ ಓಡಿದವು. ನನ್ನ ಇಡೀ ವಿಧಾನದ ಜೀವ ಇದರಲ್ಲೇ ಇದೆ. ಟ್ರೆಂಡ್ ನೋಡುವವನಿಗೆ ಅಂಕಿ ಕರಾರುವಾಕ್ಕಾಗಿರಬೇಕಿಲ್ಲ, ತಪ್ಪು ಇದ್ದರೂ ಆರು ವರ್ಷ ಅದೇ ತಪ್ಪು ಇರಬೇಕು.

ತೇವಾಂಶ ಶೇ 80 ದಾಟಿತೆಂದರೆ ಕಣಗಳು ನೀರು ಕುಡಿದು ಉಬ್ಬುತ್ತವೆ, ಲೇಸರ್ ಅದನ್ನೂ ಧೂಳೆಂದೇ ಎಣಿಸುತ್ತದೆ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರು. ಸೂತ್ರ ಹಚ್ಚಿ ಸರಿಪಡಿಸಲು ಎರಡು ಮಳೆಗಾಲ ಒದ್ದಾಡಿ ಕೈಬಿಟ್ಟೆ. ಈಗ ಆ ನಾಲ್ಕು ತಿಂಗಳು ಲೆಕ್ಕಕ್ಕೇ ಇಲ್ಲ. ಮಿಕ್ಕ ಎಂಟು ತಿಂಗಳಲ್ಲೂ ಒಣ ಗಂಟೆಗಳು ಮಾತ್ರ, ಮಳೆ ಬಂದ ದಿನ ಮತ್ತು ಅದರ ಮರುದಿನ ಇಲ್ಲ. ಮಂಜಿನ ಬೆಳಗ್ಗೆಗೆಂದು ಒಳಹೋಗುವ ಕೊಳವೆಗೆ ಒಂದು ಸಣ್ಣ ವ್ಯವಸ್ಥೆ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕೊಳವೆಯ ಬಾಯಿಗೆ ಸೊಳ್ಳೆ ಪರದೆ ಮಾತ್ರ ಮರೆಯಬೇಡಿ. ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿ ನನ್ನ ಮೂರು ವಾರ ನುಂಗಿತ್ತು.

ದಿನಾ ಬೆಳಗ್ಗೆ ಆರರಿಂದ ಎಂಟರವರೆಗೆ ಅಂಕಿ ಏರುತ್ತಿತ್ತು. ಬಾಯ್ಲರ್ ಹೊತ್ತಿಸುವ ಹೊತ್ತು ಎಂದು ನಂಬಿಕೊಂಡಿದ್ದೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಕಾರ್ಖಾನೆ ಶೆಡ್‌ಗಳೆಲ್ಲ ಮುಚ್ಚಿದವು, ಲಾರಿ ನಿಂತವು, ರಾತ್ರಿಯ ಅಂಕಿ ಇಳಿಯಿತು. ಆರು ಗಂಟೆಯ ಏರಿಕೆ ಮಾತ್ರ ಕದಲಲಿಲ್ಲ. ಚಾವಣಿ ಹತ್ತಿ ನೋಡಿದರೆ ಪಕ್ಕದ ಮನೆಯ ಬಚ್ಚಲಿನ ನೀರೊಲೆ, ತೆಂಗಿನ ಗರಿ, ಚಿಪ್ಪು ಉರಿಯುತ್ತಿದೆ. ಆ ಮನೆಯ ಅಕ್ಕ "ಏನಪ್ಪಾ, ನಮ್ಮ ನೀರೊಲೆ ಹೊಗೇನೂ ಅಳೀತೀಯಾ?" ಎಂದು ನಕ್ಕರು. ಅವತ್ತು ಡಬ್ಬಿಯನ್ನು ಚಾವಣಿಯ ಇನ್ನೊಂದು ಮೂಲೆಗೆ ಸರಿಸಿದ್ದರೆ ಮತ್ತೆ ಅಳತೆಗೋಲು ಮುರಿಯುತ್ತಿತ್ತು. ಸರಿಸಲಿಲ್ಲ, ಆ ಎರಡು ಗಂಟೆಯನ್ನೇ ಲೆಕ್ಕದಿಂದ ಬಿಟ್ಟೆ.

ಪಿಎಂ 10, ಅಂದರೆ 10 ಮೈಕ್ರಾನ್‌ವರೆಗಿನ ಕಣಗಳ ವಿಷಯದಲ್ಲಿ ಹಲವರು ಮೋಸ ಹೋಗುತ್ತಾರೆ. ಈ ಸೆನ್ಸರ್‌ಗಳು ದಪ್ಪ ಕಣಗಳನ್ನು ಸರಿಯಾಗಿ ನೋಡುವುದೇ ಇಲ್ಲ, ಸಣ್ಣದನ್ನು ನೋಡಿ ದೊಡ್ಡದನ್ನು ಹೆಚ್ಚುಕಡಿಮೆ ಊಹಿಸುತ್ತವೆ. ಅದಕ್ಕೇ ಮೂವತ್ತೈದು ಸಾವಿರ ಕೊಟ್ಟು ಗಾಳಿ ಎಳೆದು ಫಿಲ್ಟರ್ ಮೇಲೆ ಧೂಳು ಹಿಡಿಯುವ ಸೆಕೆಂಡ್‌ಹ್ಯಾಂಡ್ ಆರ್‌ಡಿಎಸ್ ಯಂತ್ರ ತಂದೆ. ಮನೆಯಲ್ಲಿ ಆ ದುಡ್ಡಿನ ಮಾತು ಇನ್ನೂ ನಿಂತಿಲ್ಲ. ಕಾರ್ಬನ್ ಬ್ರಷ್ ಸವೆತ, ವೋಲ್ಟೇಜ್ ಬಿದ್ದಾಗ ನಿಮಿಷಕ್ಕೆ 1.1 ಘನ ಮೀಟರ್ ಇರಬೇಕಾದ ಹರಿವೂ ಬೀಳುವುದು, ಆಮೇಲೆ ಸ್ಟೆಬಿಲೈಸರ್ ಖರ್ಚು. ತಿಂಗಳಿಗೆ ಎರಡು ಫಿಲ್ಟರ್, ತೇವ ತೆಗೆಯುವ ಡೆಸಿಕೇಟರ್ ಪಾತ್ರೆಯಲ್ಲಿ 24 ಗಂಟೆ, ಗೆಳೆಯನೊಬ್ಬನ ಕೃಪೆಯಿಂದ ನಾಲ್ಕು ದಶಮಾಂಶದ ತಕ್ಕಡಿ. ಮುಂದಿನ ಮಣ್ಣು ರಸ್ತೆಗೆ ಕಾಂಕ್ರೀಟ್ ಬಿದ್ದ ವರ್ಷ ಫಿಲ್ಟರ್‌ನಲ್ಲಿ ಕೂತ ಧೂಳಿನ ತೂಕ ಕಾಲು ಭಾಗದಷ್ಟು ಇಳಿಯಿತು. ಸೆನ್ಸರ್‌ನ ಪಿಎಂ 10 ಅಂಕಿಗೆ ಅದು ಗೊತ್ತೇ ಆಗಲಿಲ್ಲ.

ನಡುವೆ ಒಂದು ಅಡ್ಡ ಪ್ರಯೋಗ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಗುಡಿಯ ಹತ್ತಿರದ ನೆಂಟರ ಮನೆಯಲ್ಲಿ ಇನ್ನೊಂದು ಡಬ್ಬಿ ಇಟ್ಟೆ. ವಾಹನಗಳ ಸಾಲಿಗೆ ಅಂಕಿ ಎಷ್ಟು ಏರುತ್ತದೆ ನೋಡಬೇಕೆಂದಿದ್ದೆ. ದೀಪಾವಳಿಯ ಪಟಾಕಿ ಅದೇ ವಾರ ಬಂದು ಎರಡನ್ನೂ ಬೇರ್ಪಡಿಸಲಾಗಲಿಲ್ಲ. ಬಕೆಟ್‌ನಲ್ಲಿ ಬಟ್ಟಿ ಇಳಿಸಿದ ನೀರಿಟ್ಟು ತಿಂಗಳ ಧೂಳು ತೂಗುವುದನ್ನೂ ಮಾಡಿದೆ. ಕಾಗೆಗಳು ಬಿಡಲಿಲ್ಲ.

ಈಗ ಫಲಿತಾಂಶ. ಆಯಾ ತಿಂಗಳನ್ನು ಆಯಾ ತಿಂಗಳ ಜೊತೆಗೇ ಹೋಲಿಸಿ, ಏರಿಳಿತ ನಿಜವೇ ಎಂದು ನೋಡುವ ಮ್ಯಾನ್-ಕೆಂಡಲ್ ಪರೀಕ್ಷೆ, ವರ್ಷಕ್ಕೆ ಎಷ್ಟು ಎಂದು ಹೇಳುವ ಸೆನ್ ಇಳಿಜಾರು ಹಾಕಿದೆ. ಹಗಲಿನ ಪಿಎಂ 2.5ರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ರಾತ್ರಿಗಳು ಮಾತ್ರ 28ರ ಸುತ್ತಿನಿಂದ 33ರ ಸುತ್ತಿಗೆ ಬಂದಿವೆ, ಅಂದರೆ ಘನ ಮೀಟರ್ ಗಾಳಿಗೆ ವರ್ಷಕ್ಕೆ ಸುಮಾರು ಒಂದು ಮೈಕ್ರೋಗ್ರಾಂ ಏರಿಕೆ. ಚಳಿಗಾಲದ ರಾತ್ರಿ ಹೊಗೆ ಮೇಲೇಳದೆ ನೆಲಕ್ಕೆ ಕೂರುವುದು ಪ್ರತಿ ವರ್ಷವೂ ಇದ್ದದ್ದೇ, ಏರಿಕೆಗೆ ಅದು ಕಾರಣವಲ್ಲ. ಶೆಡ್‌ಗಳು ನಮಗೆ ಮೂಡಲಲ್ಲಿವೆ. ಮೂಡಲ ಗಾಳಿಯ ರಾತ್ರಿಗಳನ್ನು ಬೇರೆ ಮಾಡಿದರೆ ಏರಿಕೆ ಬಹುಪಾಲು ಅಲ್ಲೇ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಅದು ರಾತ್ರಿ ಪಾಳಿಯ ಸೌದೆ, ಹೊಟ್ಟಿನ ಬಾಯ್ಲರ್‌ಗಳದು. 2009ರ ನಮ್ಮ ದೇಶದ ಮಾನಕದಲ್ಲಿ ಪಿಎಂ 2.5ರ ವಾರ್ಷಿಕ ಮಿತಿ 40. ಅದರೊಳಗೇ ಇದ್ದೇವಲ್ಲ ಎನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5 ಎಂದು ತೋರಿಸುತ್ತೇನೆ. ಭಾವನ ಮಕ್ಕಳು ಮಲಗುವುದು ಇದೇ ಚಾವಣಿಯ ಕೆಳಗೆ.

ಬರುವ ಫೆಬ್ರವರಿಗೆ ಮಲಗಿರುವ ಸೆನ್ಸರನ್ನು ಮತ್ತೆ ಎಬ್ಬಿಸಬೇಕು. ಡಬ್ಬಿಯೊಳಗಿನ ಸಿಲಿಕಾ ಜೆಲ್ ನೀಲಿ ಹೋಗಿ ಗುಲಾಬಿಯಾಗಿದೆ, ಈ ಭಾನುವಾರ ಬಾಣಲೆಯಲ್ಲಿ ಹುರಿದು ಹಾಕುತ್ತೇನೆ.