ಮೂಳೆಗೆ ಕಬ್ಬು, ಬೆಲ್ಲಕ್ಕೆ ರಾಗಿ

ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ ಗೆಳೆಯರೆಲ್ಲ ಸೇರಿ ಕಿರುಚಿತ್ರ ತೆಗೆದೆವು. ಸೌಂಡ್ ನನ್ನ ತಲೆಗೆ ಬಿತ್ತು. ಮಾತಿನ ಸೀನಿಗೆಲ್ಲ ಗಾಣ ನಿಲ್ಲಿಸಿದ್ದರಿಂದ ಮಾತು ಉಳಿಯಿತು. ಮಿಕ್ಕ ಸದ್ದನ್ನೆಲ್ಲ ಗಾಣದ ಇಂಜಿನ್ ನುಂಗಿತ್ತು. ಸರಿ, ಮನೆಯಲ್ಲೇ ಫೋಲಿ ಮಾಡೋಣ ಅಂತ ಕೂತೆ. ಚಿತ್ರ ನೋಡಿಕೊಂಡೇ ಹೆಜ್ಜೆ, ಬಟ್ಟೆ, ಪಾತ್ರೆ ಸದ್ದು ಮಾಡುವ ಕೆಲಸ ಅದು. ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜ್ಯಾಕ್ ಫೋಲಿ ಅವರಿಂದ ಆ ಹೆಸರು ಬಂತು.

ರಾತ್ರಿ ಹನ್ನೊಂದರ ಮೇಲೆ ಕೆಲಸ. ಗೋಡೆಗೆ ಕಂಬಳಿ, ಕಿಟಕಿಗೆ ಹಾಸಿಗೆ. ಗದ್ದೆ ಕಪ್ಪೆಗಳು ಆದರೂ ಬಿಡಲಿಲ್ಲ. ಫ್ಯಾನು, ಫ್ರಿಜ್ ಎಲ್ಲ ಆಫ್. ಆದರೂ ಗುಂಯ್ ಅಂತ ಒಂದು ಸದ್ದು. ಕರೆಂಟಿನ 50 ಹರ್ಟ್ಸ್ ಅದು, ಲ್ಯಾಪ್‌ಟಾಪ್ ಚಾರ್ಜರಿನಿಂದ ನುಸುಳುತ್ತಿತ್ತು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ, ಹೋಯಿತು.

ಜಗಳದ ಸೀನಿನಲ್ಲಿ ಒಬ್ಬನ ಕೈ ಮುರಿಯಬೇಕು. ಹೊರದೇಶದವರು ಸೆಲರಿ ದಂಟು ಮುರೀತಾರೆ. ಕಬ್ಬಿನ ಊರಲ್ಲಿ ಕೂತು ನಾನ್ಯಾಕೆ ಸೆಲರಿ ಹುಡುಕಲಿ? ಕಬ್ಬನ್ನೇ ಮೊಣಕಾಲಿಗೆ ಕೊಟ್ಟು ಲಟಕ್ ಅಂತ ಮುರಿದೆ. ಮೈಕು ತೀರಾ ಹತ್ತಿರ ಇತ್ತು, ಸದ್ದು ಪೀಕ್ ಆಗಿ, ಅಂದರೆ ರೆಕಾರ್ಡಿಂಗಿನ ಮಿತಿ ಮೀರಿ, ಒಡೆದುಹೋಯಿತು. ಹಾಗೆ ಒಡೆದದ್ದನ್ನು ಆಮೇಲೆ ಪೂರ್ತಿ ಸರಿಮಾಡೋಕೆ ಆಗಲ್ಲ. ಒಂದು ಮೊಳ ದೂರ ಸರಿಸಿ, ರೆಕಾರ್ಡಿಂಗ್ ಲೆವೆಲ್ ಮೈನಸ್ 12 ಡೆಸಿಬಲ್ ಆಸುಪಾಸಿಗೆ ಇಳಿಸಿ ಮತ್ತೆ ಮುರಿದೆ. ಆದರೂ ಅದು ಕಬ್ಬೇ, ಮೂಳೆ ಅಲ್ಲ! ಮಾಂಸ ಬೇಕಿತ್ತು. ನೆಂದ ಚರ್ಮದ ಚಪ್ಪಲಿ ಹಿಂಡಿ ಒಂದು ಟ್ರ್ಯಾಕ್, ಹಾಸಿಗೆಗೆ ಗುದ್ದಿ ಇನ್ನೊಂದು. ಮೂರೂ ಸೇರಿದಾಗ ನನಗೇ ಮೈ ಜುಮ್ ಅಂತು.

"ಏನ್ಲಾ ಮಗ, ಸರ್‌ರಾತ್ರೀಲಿ ಕಬ್ಬು ಮುರ್ಕೊಂಡು ಕೂತಿದ್ದೀಯಾ?" ಅವ್ವ ಎದ್ದು ಬಂದಿದ್ದರು.

ಇನ್ನೊಂದು ತಲೆನೋವು ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ತಾಳೆ ಕೂರಿಸೋದು. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸುಮಾರು 42 ಮಿಲಿಸೆಕೆಂಡ್. ಸದ್ದು ಚಿತ್ರಕ್ಕಿಂತ ಮೊದಲು ಬಂದರೆ ಕಿವಿ ತಕ್ಷಣ ಹಿಡಿಯುತ್ತದೆ, ಒಂಚೂರು ತಡವಾದರೆ ಸಹಿಸಿಕೊಳ್ಳುತ್ತದೆ. ದೂರದಲ್ಲಿ ಬಟ್ಟೆ ಒಗೆಯೋರನ್ನ ನೋಡಿಲ್ವಾ? ಬಟ್ಟೆ ಕಲ್ಲಿಗೆ ಬಿದ್ದಮೇಲೆ ಸದ್ದು ಬರುತ್ತೆ. ಹಾಗಾಗಿ ಮುರಿತದ ಸದ್ದನ್ನು ಒಂದು ಫ್ರೇಮ್ ತಡವಾಗಿ ಇಟ್ಟೆ, ಕೂತಿತು.

ಜಾಸ್ತಿ ಸತಾಯಿಸಿದ್ದು ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಸದ್ದು. ನಿಜವಾದದ್ದನ್ನೇ ರೆಕಾರ್ಡ್ ಮಾಡಿದ್ದೆ, ಬರೀ ಒಲೆಯ ಬುಸುಗುಡುವಿಕೆ. ಮನೆಯಲ್ಲಿ ನೀರು ಕುದಿಸಿದೆ, ತೀರಾ ತೆಳು. ಕೊನೆಗೆ ಅವ್ವ ಮುದ್ದೆಗೆ ಇಟ್ಟಿದ್ದ ಪಾತ್ರೆಯಲ್ಲಿ ರಾಗಿಹಿಟ್ಟು ಗುಳುಕ್ ಗುಳುಕ್ ಅಂದಿತು. ಅದೇ! ಓಡಿಹೋಗಿ ಮೈಕು ತಂದೆ. 96 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 96 ಸಾವಿರ ಸಲ ಸದ್ದನ್ನು ಅಳೆಯುವ ಹಾಗೆ ಹಿಡಿದು, ವೇಗ ಅರ್ಧಕ್ಕೆ ಇಳಿಸಿದೆ. ಸದ್ದು ಒಂದು ಸ್ಥಾಯಿ ಕೆಳಗಿಳಿದು, ಸಣ್ಣ ಪಾತ್ರೆ ಕೊಪ್ಪರಿಗೆಯಷ್ಟು ದೊಡ್ಡದಾಯಿತು.

ಹತ್ತು ನಿಮಿಷ ಮುದ್ದೆ ಕೋಲು ಆಡಿಸಬೇಡವ್ವ, ಸದ್ದಾಗುತ್ತೆ ಅಂತ ಕೈ ಮುಗಿದಿದ್ದೆ. ಅವತ್ತಿನ ಮುದ್ದೆ ತುಂಬಾ ಗಂಟೋ ಗಂಟು. ಅವ್ವ ಅಷ್ಟನ್ನೂ ನನ್ನ ತಟ್ಟೆಗೇ ಹಾಕಿದರು.