ಕಾರಿನ ಹೊಟ್ಟೆಗೊಂದು ಸನ್‌ಪ್ಯಾಕ್ ಶೀಟು

ಕಾರಿಗೆ ಗಾಳಿಯ ತಡೆ ತಗ್ಗಿಸಿ ಮೈಲೇಜ್ ಹೆಚ್ಚಿಸೋ ಉಪಾಯ ಇದು, ಊರೊಳಗೆ ಮಾತ್ರ ಓಡಿಸೋರಿಗೆ ಬೇಡ. ಹಂಪು, ಸಿಗ್ನಲ್ಲು, ಬ್ರೇಕು ಇವುಗಳ ನಡುವೆ ಪೆಟ್ರೋಲ್ ಕುಡಿಯೋದು ಗಾಳಿಯಲ್ಲ. ನನ್ನ ಹಾಗೆ ರಾಣೆಬೆನ್ನೂರಿಂದ ಬೆಂಗಳೂರಿಗೆ ಹೈವೇ ಹಿಡಿಯೋರ ಲೆಕ್ಕ ಬೇರೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗ್ತಿದ್ದೋರು 100ಕ್ಕೆ ಏರಿಸಿದರೆ ವೇಗ ಹೆಚ್ಚೋದು ಕಾಲು ಭಾಗ, ಗಾಳಿಯ ತಡೆ ಹೆಚ್ಚೋದು ಶೇ. 56.

ಮೊದಲು ಬಿಚ್ಚುವ ಕೆಲಸ. ಯಾವುದೋ ಮದುವೆಗೆ ಅಂತ ಹಾಕಿಸಿದ ಕ್ಯಾರಿಯರ್ ವರ್ಷವಿಡೀ ಮೇಲೇ ಇರುತ್ತಲ್ಲ, ಇಳಿಸಿ. ಬಂಪರ್ ಮುಂದಿನ ಕಬ್ಬಿಣದ ಬುಲ್ ಗಾರ್ಡೂ ಹೋಗಲಿ. ಅದರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಹಿಂದೆ ಕೂರಿಸೋ ರೆಕ್ಕೆ, ಅಂದರೆ ಸ್ಪಾಯ್ಲರಿಗೆ ದುಡ್ಡು ಸುರಿಯಬೇಡಿ.

ನನ್ನದು ಬೋರ್ಡ್ ಅಂಗಡಿ, ಚುನಾವಣೆ ಮುಗಿದರೆ ಸನ್‌ಪ್ಯಾಕ್ ಶೀಟಿಗೆ (ಬೋರ್ಡಿಗೆ ಬಳಸೋ, ಒಳಗೆ ಸಣ್ಣ ಕೊಳವೆಗಳಿರೋ ಪ್ಲಾಸ್ಟಿಕ್ ಹಾಳೆ) ಬರವಿಲ್ಲ. ಹಳೇ ವ್ಯಾಗನ್ ಆರ್ ಕೆಳಗೆ ಬಗ್ಗಿ ನೋಡಿದರೆ ಗುಂಡಿ, ಪೈಪು, ಮೂಲೆಗಳೇ. ಗಾಳಿ ಅಲ್ಲೆಲ್ಲ ಸಿಕ್ಕಿಕೊಳ್ಳುತ್ತೆ. ಬಂಪರಿನಿಂದ ಹಿಂದಕ್ಕೆ ಶೀಟು ಕಟ್ಟುತ್ತಾ ಹೋಗಿ. ಶೀಟಿನ ಕೊಳವೆಗಳು ಹಿಂದೆ-ಮುಂದೆ ಉದ್ದಕ್ಕೆ ಬರಲಿ, ನೀರು ನಿಲ್ಲಲ್ಲ. ಜೋಡಣೆ ಮಂಗಳೂರು ಹೆಂಚಿನ ಹಾಗೆ: ಮುಂದಿನ ಶೀಟಿನ ಅಂಚು ಹಿಂದಿನದರ ಕೆಳಗೆ ಬರಬೇಕು. ತಿರುಗಾಮುರುಗ ಆದರೆ ಗಾಳಿ ಅಂಚಿಗೆ ಕೈಹಾಕಿ ಕಿತ್ತೆಸೆಯುತ್ತೆ. ಸೈಲೆನ್ಸರ್ ಪೈಪಿನ ದಾರಿಯನ್ನು ಪೂರ್ತಿ ಬಿಟ್ಟುಬಿಡಿ. ಇದು ಪ್ಲಾಸ್ಟಿಕ್, ಕರಗುತ್ತೆ, ಹತ್ತಿಕೊಂಡರೆ ಕಾರೇ ಹೋಯಿತು. ಆಯಿಲ್ ಸೋರೋ ಗಾಡಿಗೆ ಮೊದಲು ಸೋರಿಕೆ ನಿಲ್ಲಿಸಿ, ಶೀಟು ಆಮೇಲೆ. ಆಯಿಲ್ ಇಳಿಸೋ ಬೋಲ್ಟಿನ ಕೆಳಗೆ ಕಿಟಕಿ ಕೊಯ್ದಿಡಿ, ಇಲ್ಲಾಂದ್ರೆ ಸರ್ವೀಸಿನ ಹುಡುಗರು ಬೈತಾರೆ. ಕಾರಿನ ಬಾಡಿಯಲ್ಲಿ ತೂತು ಕೊರೆಯಬೇಡಿ, ಇರೋ ತೂತಿಗೇ ಕೇಬಲ್ ಟೈ ಬಿಗಿಯಿರಿ. ಮರುನೋಂದಣಿಗೆ ಹೋಗುವ ಮುಂಚೆ ಕತ್ತರಿಸಿ ತೆಗೆದರೆ ಆಯಿತು.

ಹಿಂದಿನ ಚಕ್ರಗಳಿಗೆ ಚಪ್ಪಟೆ ಕವರ್ ಹಾಕಬಹುದು, ಮುಂದಿನವಕ್ಕೆ ಬೇಡ, ಅಲ್ಲಿ ಬ್ರೇಕ್ ಹೆಚ್ಚು ಕಾಯುತ್ತೆ. ಅರಬೈಲು ಘಾಟಿ ಇಳಿಯೋದಿದ್ದರೆ ಹಿಂದಿನವನ್ನೂ ಬಿಚ್ಚಿಡಿ.

ಇಂಜಿನ್ನಿಗೆ ಗಾಳಿ ಹೋಗೋ ಮುಂದಿನ ಜಾಲರಿ, ಅಂದರೆ ಗ್ರಿಲ್ ವಿಷಯದಲ್ಲಿ ಆಸೆಬುರುಕತನ ಬೇಡ. ಮೇಲಿನ ಸಂದಿ ಸ್ವಲ್ಪ ಮುಚ್ಚಿ, ಕೆಳಗಿನದು ಬಿಡಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡು ಹೋಗುವಾಗ ಟೆಂಪರೇಚರ್ ಮುಳ್ಳು ಅಲ್ಲಾಡಿದರೂ ಮುಚ್ಚಿದ್ದನ್ನು ಕಿತ್ತುಹಾಕಿ.

ಗಾಳಿ ಎಲ್ಲಿ ಸುಳಿ ತಿರುಗುತ್ತೆ ಅಂತ ಕಾಣಬೇಕಾದರೆ ಬಾಡಿ ಮೇಲೆ ಗೇಣುದ್ದದ ಉಲ್ಲನ್ ದಾರ ಟೇಪಿನಿಂದ ಅಂಟಿಸಿ. ಪಕ್ಕದ ಗಾಡಿಯಲ್ಲಿ ಕೂತವರು ವಿಡಿಯೋ ಮಾಡಲಿ. ದಾರ ನೆಟ್ಟಗೆ ಮಲಗಿದ ಕಡೆ ನಿಮಗೆ ಕೆಲಸವಿಲ್ಲ, ಕುಣಿದ ಕಡೆ ಇದೆ.

ಮೈಲೇಜ್ ಅಳೆಯೋದು ಡ್ಯಾಶ್‌ಬೋರ್ಡ್ ನೋಡಿ ಅಲ್ಲ. ಒಂದೇ ಬಂಕು, ಒಂದೇ ಪಂಪು, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಹೋಗೋದು ಬರೋದು ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಿ. ಆಷಾಢದಲ್ಲಿ ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಪಡುವಣ ಗಾಳಿ ಬೆಂಗಳೂರಿಗೆ ಹೋಗುವವರನ್ನು ತಳ್ಳುತ್ತೆ, ವಾಪಸ್ ಬರುವವರ ಎದೆಗೆ ಬಡಿಯುತ್ತೆ. ಹೋಗುವ ದಾರಿಯದ್ದಷ್ಟೇ ಬರೆದಿಟ್ಟು ಶೀಟಿಗೆ ಹೊಗಳಿಕೆ ಕೊಡೋರು ತುಂಬಾ ಜನ ಇದ್ದಾರೆ.