ಬಾಗಿಲು ತೆರೆಯುವ ಹೊತ್ತಿಗೆ ತಾಜ್ ಮಹಲ್: ನನ್ನ ಅನುಭವ

ದೆಹಲಿಯಲ್ಲಿ ಉದ್ಯೋಗದಲ್ಲಿರುವುದರಿಂದ, ಊರಿನಿಂದ ಬರುವ ಬಂಧುಗಳನ್ನು ತಾಜ್ ಮಹಲಿಗೆ ಕರೆದೊಯ್ದು ಅದೇ ದಿನ ಮರಳಿ ಕರೆತರುವ ಹೊಣೆ ವರ್ಷಗಳಿಂದ ನನ್ನದಾಗಿದೆ. ಮಧ್ಯಾಹ್ನದ ಬಿಸಿಲಿನಲ್ಲಿಯೂ ಸಂಜೆಯ ಜನಸಂದಣಿಯಲ್ಲಿಯೂ ಆ ಕಟ್ಟಡವನ್ನು ನೋಡಿದ ಮೇಲೆ ಈಗ ನಾನು ಒಂದೇ ಕ್ರಮವನ್ನು ಪಾಲಿಸುತ್ತೇನೆ. ನಡುರಾತ್ರಿ ಕಳೆದ ಮೇಲೆ ದೆಹಲಿಯನ್ನು ಬಿಟ್ಟು, ಬಾಗಿಲು ತೆರೆಯುವ ಮೊದಲೇ ಪೂರ್ವದ ಪ್ರವೇಶದ್ವಾರದ ಸಾಲಿನಲ್ಲಿ ನಿಂತು, ಒಳಹೊಕ್ಕೊಡನೆ ಎಲ್ಲಿಯೂ ತಡೆಯದೆ ನೇರವಾಗಿ ಗೋರಿಯ ಕಟ್ಟಡಕ್ಕೆ ನಡೆಯುತ್ತೇವೆ. ಉದ್ಯಾನ, ಮಹಾದ್ವಾರ, ಫೋಟೋ ತೆಗೆಸಿಕೊಳ್ಳುವುದು ಎಲ್ಲವೂ ಆಮೇಲಿನ ಮಾತು. ವಾಡಿಕೆಯ ಕ್ರಮವನ್ನು ಹೀಗೆ ತಿರುಗಿಸಿಕೊಂಡರೆ ಮಾತ್ರ ನಿದ್ದೆಗೆಟ್ಟು ಹೋದದ್ದಕ್ಕೆ ತಕ್ಕ ಫಲ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಿನವನ್ನು ಗೊತ್ತುಮಾಡುವಾಗ ಮೊದಲು ನೋಡಬೇಕಾದದ್ದು ವಾರ. ಶುಕ್ರವಾರ ತಾಜ್ ಮಹಲಿಗೆ ಪ್ರವಾಸಿಗರ ಪ್ರವೇಶವಿಲ್ಲ. ಉಳಿದ ದಿನಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ತೆರೆದು ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಮುಚ್ಚುತ್ತಾರೆ. ಹಾಗಾಗಿ ಗಡಿಯಾರದ ಸಮಯ ಋತುವಿನೊಂದಿಗೆ ಬದಲಾಗುತ್ತದೆ: ಫೆಬ್ರುವರಿಯಲ್ಲಿ ಆರೂವರೆಯ ಸುಮಾರಿಗೆ ತೆರೆಯುವ ಬಾಗಿಲು ಜೂನ್ ತಿಂಗಳಲ್ಲಿ ಐದಕ್ಕೇ ತೆರೆದಿರುತ್ತದೆ. ಬೆಳಗಿನ ರೈಲುಗಳು ಈ ಕೆಲಸಕ್ಕೆ ಒದಗುವುದಿಲ್ಲ. ನವದೆಹಲಿಯಿಂದ ಮುಂಜಾನೆ ಆರಕ್ಕೆ ಹೊರಡುವ ಭೋಪಾಲ್ ಶತಾಬ್ದಿ ಆಗ್ರಾ ತಲುಪುವಷ್ಟರಲ್ಲಿ ಎಂಟಾಗಿರುತ್ತದೆ. ಗಂಟೆಗೆ 160 ಕಿ.ಮೀ. ವೇಗದ ಗತಿಮಾನ್ ಎಕ್ಸ್‌ಪ್ರೆಸ್ ನಿಜಾಮುದ್ದೀನ್ ನಿಲ್ದಾಣವನ್ನು ಬಿಡುವುದೇ ಎಂಟರ ನಂತರ. ಆದ್ದರಿಂದ ಕಾರು ಅನಿವಾರ್ಯ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ನಾನು ಯಾರನ್ನೂ ಕರೆದೊಯ್ಯುವುದಿಲ್ಲ. ಆ ದಿನಗಳ ದಟ್ಟ ಮಂಜಿನಲ್ಲಿ ರಸ್ತೆಯೂ ಅಪಾಯಕರ, ತಲುಪಿದ ಮೇಲೆ ಗುಮ್ಮಟವೂ ಕಾಣದು. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗೆ ಮತ್ತು ಫೆಬ್ರುವರಿ, ಮಾರ್ಚ್ ತಿಂಗಳುಗಳು ನನಗೆ ಮೆಚ್ಚಿಗೆಯಾದವು.

ಗ್ರೇಟರ್ ನೊಯ್ಡಾದಿಂದ ಆಗ್ರಾದವರೆಗಿನ ಯಮುನಾ ಎಕ್ಸ್‌ಪ್ರೆಸ್‌ವೇ 2012ರಲ್ಲಿ ಸಂಚಾರಕ್ಕೆ ತೆರೆಯಿತು. ಉದ್ದ 165 ಕಿ.ಮೀ. ದೆಹಲಿಯ ಒಳಗಿನ ರಸ್ತೆ ಮತ್ತು ಆಗ್ರಾದ ಒಳಗಿನ ರಸ್ತೆಗಳನ್ನು ಸೇರಿಸಿದರೆ ಮನೆಯ ಬಾಗಿಲಿನಿಂದ ತಾಜ್‌ನ ವಾಹನ ನಿಲ್ದಾಣದವರೆಗೆ ಸುಮಾರು ಮೂರೂವರೆ ಗಂಟೆ ಬೇಕು; ನಡುವೆ ಚಹಾಕ್ಕೆ ಒಮ್ಮೆ ನಿಲ್ಲುವುದೂ ಇದರಲ್ಲಿ ಸೇರಿದೆ. ನೇರವಾಗಿ, ತಿರುವುಗಳಿಲ್ಲದೆ ಸಾಗುವ ಈ ಹೆದ್ದಾರಿಯಲ್ಲಿ ರಾತ್ರಿಯ ಮೂರನೆಯ ಜಾವದಲ್ಲಿ ಚಾಲಕನಿಗೆ ತೂಕಡಿಕೆ ಬರುವುದು ಬಹಳ ಸುಲಭ. ಪ್ರವಾಸ ಏರ್ಪಡಿಸುವ ಸಂಸ್ಥೆಯವರೊಡನೆ ಮಾತನಾಡುವಾಗ ನಾನು ಬಾಡಿಗೆಗಿಂತ ಮೊದಲು ಕೇಳುವ ಪ್ರಶ್ನೆ, ಆ ಚಾಲಕರಿಗೆ ಹಿಂದಿನ ಸಂಜೆ ಬೇರೆ ಬಾಡಿಗೆ ಇದೆಯೇ ಎಂಬುದು. ಇದೆ ಎಂದರೆ ಬೇರೆಯವರನ್ನು ಕಳುಹಿಸಲು ಹೇಳುತ್ತೇನೆ. ಪ್ರಯಾಣದುದ್ದಕ್ಕೂ ನಾನು ಮುಂದಿನ ಸೀಟಿನಲ್ಲಿ ಕುಳಿತು, ಹಿಂದೆ ಎಲ್ಲರೂ ಮಲಗಿದ್ದರೂ, ಚಾಲಕರೊಡನೆ ಮಾತನಾಡುತ್ತ ಎಚ್ಚರವಾಗಿರುತ್ತೇನೆ. ಕುಟುಂಬದವರ ಜೀವ ಅವರ ಕೈಯಲ್ಲಿರುವಾಗ ಇಷ್ಟನ್ನಾದರೂ ಮಾಡಲೇಬೇಕು.

ಇನ್ನು ಗೈಡ್ ವಿಚಾರ; ಈ ಪ್ರವಾಸದ ತಿರುಳು ಇರುವುದು ಅಲ್ಲಿಯೇ. ದೆಹಲಿಯಿಂದ ಹೊರಡುವ ಪ್ರವಾಸಗಳಲ್ಲಿ ಸಾಮಾನ್ಯವಾಗಿ ಗೈಡ್ ಆಗ್ರಾದವರೇ ಆಗಿದ್ದು, ತಾಜ್ ಬಳಿಯೇ ನಮ್ಮನ್ನು ಸೇರಿಕೊಳ್ಳುತ್ತಾರೆ. ಸರ್ಕಾರದ ಪರವಾನಗಿ ಇರುವವರ ಕೊರಳಲ್ಲಿ ಗುರುತಿನ ಚೀಟಿ ಇರುತ್ತದೆ. ಅದಿಲ್ಲದೆ ವಾಹನ ನಿಲ್ದಾಣದಲ್ಲಿ ತಾವಾಗಿ ಬಂದು ಮಾತಿಗೆ ತೊಡಗುವವರನ್ನು ನಾನು ನಯವಾಗಿ ನಿರಾಕರಿಸುತ್ತೇನೆ. ಆದರೆ ಪರವಾನಗಿ ಇದ್ದ ಮಾತ್ರಕ್ಕೆ ಸಾಲದು. ಹಿಂದಿನ ದಿನವೇ ಫೋನ್ ಮಾಡಿ ಮೂರು ವಿಷಯಗಳನ್ನು ಅವರೊಡನೆ ಇತ್ಯರ್ಥ ಮಾಡಿಕೊಳ್ಳುತ್ತೇನೆ: ನಾವು ಮೊದಲು ಗೋರಿಗೆ ಹೋಗುತ್ತೇವೆ, ಫೋಟೋಗ್ರಾಫರ್ ನಮಗೆ ಬೇಡ, ಅಮೃತಶಿಲೆಯ ಅಂಗಡಿಗೆ ಹೋಗಬೇಕೋ ಬೇಡವೋ ಎಂಬುದನ್ನು ದಿನದ ಕೊನೆಯಲ್ಲಿ ನಾವೇ ತೀರ್ಮಾನಿಸುತ್ತೇವೆ. ಅಂಗಡಿಯ ವ್ಯಾಪಾರದಲ್ಲಿ ಗೈಡ್‌ಗೂ ಪಾಲಿರುವುದು ಆಗ್ರಾದಲ್ಲಿ ಗುಟ್ಟೇನಲ್ಲ. ಆ ಪಾಲು ತಪ್ಪಿದರೆ ಅವರಿಗೆ ನಷ್ಟವಾಗದಿರಲೆಂದು ಸಂಭಾವನೆಯ ಮೇಲೆ ಒಂದಿಷ್ಟು ಹೆಚ್ಚು ಕೊಡುವುದಾಗಿ ಆಗಲೇ ಹೇಳಿಬಿಡುತ್ತೇನೆ. ಹೀಗೆ ಮಾತು ಮುಗಿಸಿಕೊಂಡು ಬಂದ ಗೈಡ್ ಸಮಯದ ಕಡೆ ನೋಡದೆ ಮನಸ್ಸಿಟ್ಟು ವಿವರಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರಲ್ಲಿ ಹಲವರಿಗೆ ಆ ಕಟ್ಟಡದ ಮೇಲೆ ನಿಜವಾದ ಅಕ್ಕರೆ ಇದೆ. ಕೇಳುವವರು ಸಿಕ್ಕರೆ ಅದು ಹೊರಗೆ ಬರುತ್ತದೆ.

ಟಿಕೆಟನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಜಾಲತಾಣದಲ್ಲಿ ಮೊದಲೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಭಾರತೀಯರಿಗೆ ಪ್ರವೇಶ ಶುಲ್ಕ 50 ರೂಪಾಯಿ. ಗೋರಿಯ ಕಟ್ಟಡವನ್ನು ಹತ್ತಿ ನೋಡಲು 2018ರ ಡಿಸೆಂಬರಿನಿಂದ ಪ್ರತ್ಯೇಕವಾಗಿ 200 ರೂಪಾಯಿ ಪಡೆಯುತ್ತಾರೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. 200 ರೂಪಾಯಿ ಉಳಿಸಲೆಂದು ಹೊರಗಿನಿಂದಲೇ ನೋಡಿ ಮರಳುವವರಿದ್ದಾರೆ. ಇಷ್ಟು ದೂರ ಬಂದ ಮೇಲೆ ಹಾಗೆ ಮಾಡಬಾರದು. ಟಿಕೆಟ್ ಮೂರು ಗಂಟೆಗೆ ಸೀಮಿತವೆಂಬುದನ್ನೂ ನೆನಪಿಡಬೇಕು. ಸ್ಮಾರಕದ ಸುತ್ತ ಹೊಗೆಯುಗುಳುವ ವಾಹನಗಳಿಗೆ ಅವಕಾಶವಿಲ್ಲದ ಕಾರಣ ಶಿಲ್ಪಗ್ರಾಮದ ಬಳಿ ಕಾರು ನಿಲ್ಲಿಸಿ ಬ್ಯಾಟರಿ ವಾಹನದಲ್ಲಿ ಪೂರ್ವದ್ವಾರಕ್ಕೆ ಹೋಗಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು, ಪ್ರತಿಯೊಬ್ಬರ ತಪಾಸಣೆ. ತಿಂಡಿ, ಬೆಂಕಿಪೊಟ್ಟಣ, ತಂಬಾಕು, ಚಾಕು, ಟ್ರೈಪಾಡ್ ಯಾವುದನ್ನೂ ಬಿಡುವುದಿಲ್ಲ. ನಾವು ಚೀಲಗಳನ್ನೆಲ್ಲ ಕಾರಿನಲ್ಲಿಯೇ ಬಿಟ್ಟು ಫೋನು, ನೀರಿನ ಬಾಟಲಿ, ಹಿರಿಯರ ಔಷಧಿ ಇಷ್ಟನ್ನೇ ಒಯ್ಯುತ್ತೇವೆ. ಮೊದಲ ಸಾಲಿನಲ್ಲಿದ್ದರೂ ಒಂದು ಚೀಲದ ತಪಾಸಣೆಗೆ ಸಿಕ್ಕಿಕೊಂಡರೆ ಅರ್ಧ ಗಂಟೆ ಕಳೆದುಹೋಗುತ್ತದೆ, ಆ ಅರ್ಧ ಗಂಟೆ ಮತ್ತೆ ದೊರೆಯುವಂಥದಲ್ಲ.

ಮಹಾದ್ವಾರದ ಕಮಾನಿನೊಳಗಿಂದ ತಾಜ್ ಮೊದಲ ಬಾರಿಗೆ ಕಂಡಾಗ ಎಲ್ಲರ ಕಾಲೂ ತಾನಾಗಿ ನಿಲ್ಲುತ್ತದೆ. ಅಲ್ಲಿ ಒಂದು ನಿಮಿಷ ನಿಲ್ಲಲಿ. ಅದನ್ನು ಯಾರಿಂದಲೂ ತಡೆಯಲಾಗದು. ಆದರೆ ಮುಂದೆ, ಉದ್ಯಾನದ ನಡುವಿನ ಅಮೃತಶಿಲೆಯ ಕೊಳದ ಬಳಿ, ಜನರೆಲ್ಲ ಫೋಟೋಗಾಗಿ ಸರದಿ ಹಿಡಿಯುವಾಗ ನಾವು ಪಕ್ಕದ ದಾರಿಯಲ್ಲಿ ಮುಂದೆ ನಡೆದುಬಿಡುತ್ತೇವೆ. ಮೊಘಲರ ಇತರ ಉದ್ಯಾನ ಸಮಾಧಿಗಳಂತೆ ಇಲ್ಲಿ ಗೋರಿ ಚೌಕದ ನಡುವೆ ಇರದೆ ಉತ್ತರದ ತುದಿಯಲ್ಲಿ, ಯಮುನೆಯ ದಡದ ಮೇಲೆ ಇದೆ. ಆದ್ದರಿಂದಲೇ ದ್ವಾರದಿಂದ ಜಗತಿಯವರೆಗೆ ಸುಮಾರು 300 ಮೀಟರ್ ನಡಿಗೆ ಇದ್ದು, ವಯಸ್ಸಾದವರಿಗೆ ಹತ್ತು ನಿಮಿಷವಾದರೂ ಬೇಕು. ಗಾಲಿಕುರ್ಚಿ ಬೇಕಾದವರು ಪ್ರವೇಶದ್ವಾರದಲ್ಲಿಯೇ ಕೇಳಿ ಪಡೆಯಬೇಕು.

ಗೋರಿಯ ಒಳಗೆ ಮಾತು ಸಲ್ಲದು, ಫೋಟೋವೂ ನಿಷಿದ್ಧ. ಹಾಗಾಗಿ ಪಾದರಕ್ಷೆಗೆ ಬಟ್ಟೆಯ ಹೊದಿಕೆ ತೊಡುವಾಗಲೇ ಒಳಗೆ ಏನಿದೆಯೆಂಬುದನ್ನು ಪೂರ್ತಿಯಾಗಿ ಹೇಳಿಬಿಡುವಂತೆ ಗೈಡ್ ಅವರನ್ನು ಕೋರುತ್ತೇನೆ. ಮುಮ್ತಾಜ್ ಮಹಲ್ 1631ರಲ್ಲಿ ಬುರ್ಹಾನ್‌ಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡಳು. ಮರುವರ್ಷ ಇಲ್ಲಿ ಕೆಲಸ ಆರಂಭವಾಯಿತು. ಕೋಣೆಯ ಸರಿನಡುವೆ ಇರುವುದು ಅವಳ ಗೋರಿಯ ಪ್ರತಿರೂಪ. ನಿಜವಾದ ಗೋರಿಗಳು ಕೆಳಗಿನ ಕೋಣೆಯಲ್ಲಿವೆ. 1666ರಲ್ಲಿ ಸತ್ತ ಷಹಜಹಾನನನ್ನು ಅವಳ ಪಕ್ಕಕ್ಕೆ, ಪಶ್ಚಿಮದ ಕಡೆ ಇರಿಸಿದರು. ಎಡಬಲಗಳು ಕೂದಲೆಳೆಯಷ್ಟೂ ತಪ್ಪದಂತೆ ಕಟ್ಟಿದ ಈ ನಿರ್ಮಾಣದಲ್ಲಿ ಸಮತೆ ಮುರಿದಿರುವುದು ಕಟ್ಟಿಸಿದವನ ಗೋರಿಯಲ್ಲೇ. ಇದನ್ನು ಮೊದಲೇ ಕೇಳಿ ಒಳಹೋದವರು ಗೋರಿಗಳ ಸುತ್ತಲಿನ ಅಮೃತಶಿಲೆಯ ಜಾಲಂಧ್ರದ ಮುಂದೆ ನಿಂತು ತಾವೇ ಅದನ್ನು ಗುರುತಿಸುತ್ತಾರೆ. ಹೊತ್ತೇರಿದ ಮೇಲೆ ಆ ಕೋಣೆಯಲ್ಲಿ ನಿಲ್ಲಲು ಆಗದು. ಕಾವಲುಗಾರರು ಸೀಟಿ ಊದಿ ಮುಂದೆ ಸಾಗಿಸುತ್ತಾರೆ, ಆ ಸೀಟಿಯ ಸದ್ದೇ ಗುಮ್ಮಟದಲ್ಲಿ ಸುತ್ತುತ್ತಿರುತ್ತದೆ. ಬೆಳಗಿನ ಮೊದಲ ಹೊತ್ತಿನಲ್ಲಾದರೆ ಬೆರಳೆಣಿಕೆಯ ಜನರಿರುತ್ತಾರೆ. ಹೆಜ್ಜೆಯ ಸಪ್ಪಳ ಮೇಲಕ್ಕೆ ಹೋಗಿ ನಿಧಾನವಾಗಿ ಕರಗುವುದು ಕೇಳಿಸುತ್ತದೆ. ವಿಜಯಪುರದ ಗೋಳಗುಮ್ಮಟವನ್ನು ಕಂಡವರಿಗೆ ಇದು ವಿಶೇಷವಾಗಿ ಮನಮುಟ್ಟುತ್ತದೆ: ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು, ಆದರೆ ಅಲ್ಲಿ ಮಾತು ತುಂಡುತುಂಡಾಗಿ ಮರಳಿ ಬಂದರೆ ಇಲ್ಲಿ ದನಿ ಒಂದೇ ಎಳೆಯಾಗಿ ಉಳಿಯುತ್ತದೆ.

ಹೊರಗೆ ಬಂದಾಗ ಸೂರ್ಯ ಆಗತಾನೆ ಮೇಲೆದ್ದಿರುತ್ತಾನೆ. ಇಲ್ಲಿ ಋತುವಿನ ವಿಚಾರ ಮತ್ತೆ ಬರುತ್ತದೆ. ಉದ್ಯಾನದ ಕಡೆಗಿರುವುದು ಕಟ್ಟಡದ ದಕ್ಷಿಣ ಮುಖ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟುವುದರಿಂದ ಮೊದಲ ಬಿಸಿಲು ಈ ಮುಖದ ಮೇಲೆ ಓರೆಯಾಗಿ ಬೀಳುತ್ತದೆ. ಬೇಸಗೆಯಲ್ಲಿ ಈಶಾನ್ಯದಲ್ಲಿ ಹುಟ್ಟುವುದರಿಂದ ಅದೇ ಮುಖ ಬಹಳ ಹೊತ್ತು ನೆರಳಿನಲ್ಲಿರುತ್ತದೆ, ಆಗ ಪೂರ್ವದ ಮೆಹಮಾನ್ ಖಾನೆಯ (ಅತಿಥಿಗೃಹವೆನ್ನುವ ಪಕ್ಕದ ಕಟ್ಟಡದ) ಕಡೆಗೆ ಹೋಗಿ ನೋಡಬೇಕು. ಓರೆ ಬಿಸಿಲಿನ ಲಾಭವೇನೆಂದರೆ, ಗೋಡೆಯ ಕೆಳಪಟ್ಟಿಯಲ್ಲಿ ಉಬ್ಬುಗೆತ್ತನೆಯಲ್ಲಿರುವ ಹೂಗಿಡಗಳಿಗೆ ನೆರಳು ಮೂಡುತ್ತದೆ. ನಡುಹಗಲಿನ ಪ್ರಖರ ಬೆಳಕಿನಲ್ಲಿ ಬಿಳಿಯ ಮೇಲಿನ ಬಿಳಿಯಾಗಿ ಮಾಯವಾಗುವ ಎಸಳು, ದಂಟು, ಎಲೆಯ ಮಡಿಕೆಗಳು ಆ ಅರ್ಧ ಗಂಟೆಯಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ. ಬಣ್ಣದ ಕಲ್ಲುಗಳನ್ನು ಕೊರೆದು ಕೂರಿಸಿದ ಪರ್ಚಿನ್‌ಕಾರಿ ಕೆಲಸವನ್ನೂ ಆಗಲೇ ನೋಡಬೇಕು. ಮಕ್ರಾಣಾದ ಅಮೃತಶಿಲೆಯಲ್ಲಿ ತಗ್ಗು ತೋಡಿ, ಅದರ ಅಳತೆಗೆ ಕಲ್ಲನ್ನು ಉಜ್ಜಿ, ಸಂದು ತಿಳಿಯದಂತೆ ಸೇರಿಸಿದ್ದಾರೆ. ಒಬ್ಬ ಗೈಡ್ ನನ್ನ ಅತ್ತೆಯವರ ಕೈಯನ್ನು ಗೋಡೆಯಿಂದ ಒಂದಿಂಚು ದೂರದಲ್ಲಿ ಹಿಡಿದು, "ಮಾತಾಜಿ, ಮುಟ್ಟಬೇಡಿ, ಬೆರಳಿನ ಜಿಡ್ಡಿಗೆ ಕಲ್ಲು ಹಳದಿಯಾಗುತ್ತದೆ" ಎಂದು ಹೇಳಿ, ಆಮೇಲೆ ಫೋನಿನ ಬೆಳಕನ್ನು ಹಿಡಿದು ಕೆಂಪು ಕಾರ್ನೀಲಿಯನ್ ಕಲ್ಲು ಒಳಗಿನಿಂದ ಹೊಳೆಯುವುದನ್ನು ತೋರಿಸಿದರು. ಹಿಂದಿ ಅಷ್ಟಾಗಿ ತಿಳಿಯದ ಅತ್ತೆಯವರಿಗೆ ನಾನು ಅನುವಾದಿಸುವ ಅಗತ್ಯವೇ ಬೀಳಲಿಲ್ಲ.

ಮರಳಿ ಬರುವಾಗ ಮಹಾದ್ವಾರವನ್ನು ಬಿಡುವಿನಿಂದ ನೋಡುತ್ತೇವೆ. ಅದರ ದಕ್ಷಿಣ ಮುಖದ ಮೇಲೆ ಕುರಾನಿನ 89ನೆಯ ಅಧ್ಯಾಯವನ್ನು ಬರೆದಿದೆ; ಮುಂಜಾವಿನ ಮೇಲೆ ಆಣೆಯಿಟ್ಟು ಆರಂಭವಾಗುವ ಆ ಭಾಗ, ಶಾಂತಿ ಹೊಂದಿದ ಆತ್ಮವನ್ನು ಸ್ವರ್ಗೋದ್ಯಾನಕ್ಕೆ ಕರೆಯುವ ಮಾತಿನಿಂದ ಮುಗಿಯುತ್ತದೆ. ಮೇಲೆ ಹೋದಂತೆ ಅಕ್ಷರಗಳನ್ನು ದೊಡ್ಡದಾಗಿಸಿ, ಕೆಳಗೆ ನಿಂತವರಿಗೆ ಎಲ್ಲವೂ ಒಂದೇ ಗಾತ್ರದವಾಗಿ ಕಾಣುವಂತೆ ಮಾಡಿದ ಲಿಪಿಕಾರ ಅಮಾನತ್ ಖಾನ್. ಉಸ್ತಾದ್ ಅಹಮದ್ ಲಾಹೋರಿಯನ್ನು ಇದರ ವಾಸ್ತುಶಿಲ್ಪಿಯೆಂದು ಗುರುತಿಸುತ್ತಾರೆ. ಇಷ್ಟು ಹೆಸರುಗಳು ಉಳಿದಿರುವಾಗ, ಕುಶಲಕರ್ಮಿಗಳ ಕೈ ಕಡಿಸಿದ ಕಥೆಯನ್ನು ಇನ್ನೂ ಹೇಳುತ್ತಿರುವುದು ನನಗೆ ಬೇಸರದ ಸಂಗತಿ. ಅದಕ್ಕೆ ಯಾವ ಐತಿಹಾಸಿಕ ಆಧಾರವೂ ಇಲ್ಲ. ನದಿಯಾಚೆ ಕಪ್ಪು ತಾಜ್ ಕಟ್ಟುವ ಯೋಜನೆಯಿತ್ತೆಂಬ ಕಥೆಯೂ ಹಾಗೆಯೇ; ಅಲ್ಲಿನ ಮೆಹತಾಬ್ ಬಾಗ್‌ನಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಸಿಕ್ಕಿದ್ದು ಒಂದು ಉದ್ಯಾನದ ಅವಶೇಷ ಮತ್ತು ಎಂಟು ಮೂಲೆಗಳ ದೊಡ್ಡ ಕೊಳ. ಗೈಡ್ ಈ ಕಥೆಗಳನ್ನು ತೆಗೆದಾಗ ನಾನು ಎಲ್ಲರೆದುರು ವಾದಿಸುವುದಿಲ್ಲ. ಆದರೆ ಮಕ್ಕಳಿಗೆ ನಿಜವನ್ನು ಅಲ್ಲಿಯೇ ತಿಳಿಸುತ್ತೇನೆ.

ಒಂಬತ್ತೂವರೆಗೆ ಹೊರಬಂದರೆ ಆಗ್ರಾದ ಬೇಡೈ (ಬೇಳೆ ತುಂಬಿ ಕರಿದ ಪೂರಿ) ಮತ್ತು ಜಿಲೇಬಿಯ ಉಪಾಹಾರಕ್ಕೆ ಹೊತ್ತು ಸರಿಯಾಗಿರುತ್ತದೆ. ಆಮೇಲೆ ಒಂದೇ ದಿನದಲ್ಲಿ ಫತೇಪುರ್ ಸಿಕ್ರಿಯನ್ನೂ ಸೇರಿಸುವ ಪ್ರವಾಸಗಳನ್ನು ನಾನು ಒಪ್ಪುವುದಿಲ್ಲ; ರಾತ್ರಿ ನಿದ್ದೆಯಿಲ್ಲದವರಿಗೆ ಅದು ಶಿಕ್ಷೆ. ಅದರ ಬದಲು ನದಿಯಾಚೆಗಿನ ಇತಿಮಾದ್ ಉದ್ ದೌಲಾ ಸಮಾಧಿಗೆ ಹೋಗಿ. ನೂರ್ ಜಹಾನ್ ತನ್ನ ತಂದೆಗಾಗಿ ಕಟ್ಟಿಸಿ 1628ರಲ್ಲಿ ಮುಗಿಸಿದ ಈ ಪುಟ್ಟ ಅಮೃತಶಿಲೆಯ ಕಟ್ಟಡದಲ್ಲಿ ಕಲ್ಲು ಹುದುಗಿಸುವ ಕಲೆಯನ್ನು ಕಣ್ಣಿನ ಮಟ್ಟದಲ್ಲಿ, ನೂಕಾಟವಿಲ್ಲದೆ ನೋಡಬಹುದು; ತಾಜ್‌ನಲ್ಲಿ ಕಂಡದ್ದು ಎಲ್ಲಿಂದ ಬೆಳೆದು ಬಂತೆಂಬುದೂ ತಿಳಿಯುತ್ತದೆ. ಶಕ್ತಿಯಿದ್ದರೆ ಆಗ್ರಾ ಕೋಟೆ. ಷಹಜಹಾನ್ ಸೆರೆಯಲ್ಲಿದ್ದು ನದಿಯ ತಿರುವಿನಾಚೆಗಿನ ತಾಜ್ ನೋಡುತ್ತಿದ್ದನೆಂದು ಹೇಳುವ ಮುಸಮ್ಮನ್ ಬುರ್ಜ್ ಇರುವುದು ಅಲ್ಲಿಯೇ.

ಮರಳುವಾಗ ಚಾಲಕರ ವಿಶ್ರಾಂತಿಯೇ ನನಗೆ ಮುಖ್ಯ. ನಾವು ತಾಜ್ ಒಳಗಿರುವ ಹೊತ್ತಿನಲ್ಲಿ ಅವರು ಕಾರಿನಲ್ಲಿ ಮಲಗಲೆಂದು ಮೊದಲೇ ಹೇಳಿರುತ್ತೇನೆ, ಊಟವಾದ ಮೇಲೆ ಇನ್ನೊಂದು ಗಂಟೆ ಬಿಡುವು ಕೊಟ್ಟು ಎರಡರ ಸುಮಾರಿಗೆ ಹೊರಡುತ್ತೇವೆ. ಹಿರಿಯರು ತೀರ ದಣಿದಿದ್ದರೆ ಅವರೊಡನೆ ಒಬ್ಬರನ್ನು ಸಂಜೆಯ ಗತಿಮಾನ್ ರೈಲಿನಲ್ಲಿ ಕಳುಹಿಸುವುದುಂಟು. ಅದು ಆಗ್ರಾ ಕಂಟೋನ್ಮೆಂಟ್ ನಿಲ್ದಾಣದಿಂದ ಎರಡು ಗಂಟೆಯೊಳಗೆ ನಿಜಾಮುದ್ದೀನ್ ತಲುಪಿಸುತ್ತದೆ. ಆ ಟಿಕೆಟನ್ನು ಮಾತ್ರ ಕೆಲವು ದಿನಗಳ ಮೊದಲೇ ಕಾಯ್ದಿರಿಸಿಟ್ಟುಕೊಂಡಿರಬೇಕು.